ಅತ್ತೆಯ ಚಾಕು ಕುಲುಮೆಗೆ ಹೋದದ್ದು

ಮದುವೆಯಾದಾಗಿನಿಂದ ಅತ್ತೆ ಅಳಿಯನ ಕೈಗೆ ಒಂದು ಮೊಳೆ ಹೊಡೆಯುವ ಕೆಲಸವನ್ನೂ ಕೊಟ್ಟವರಲ್ಲ. ನಲ್ಲಿ ಸೋರಿದರೆ ಪ್ಲಂಬರ್, ಕುರ್ಚಿ ಅಲ್ಲಾಡಿದರೆ ಬಡಗಿ. ಅಳಿಯನೇನು ಕೈಲಾಗದವನೇ? ಕಾರ್ಖಾನೆಯಲ್ಲಿ ನೈಟ್ರೈಡಿಂಗ್ ಕುಲುಮೆ ನೋಡಿಕೊಳ್ಳುವ ಆಸಾಮಿ! ಅಮೋನಿಯಾ ಅನಿಲದಲ್ಲಿ ಉಕ್ಕನ್ನು ಕಾಯಿಸಿ ಅದರ ಮೈ ಗಟ್ಟಿ ಮಾಡುವುದೇ ಅವನ ಕಸುಬು. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಕೊರೆಯುತ್ತಿದ್ದ. ಪಾಪ, ಕೇಳುವವರು ಬೇಕಲ್ಲ!

ಹೀಗಿರುವಾಗ ಒಂದು ಭಾನುವಾರ ಅತ್ತೆಯ ನೆಚ್ಚಿನ ಸ್ಟೇನ್‌ಲೆಸ್ ಚಾಕು ಟೊಮೆಟೊ ಮೇಲೆ ಜಾರಿತು. ಸಾಣೆಯವನು ಈ ಕಡೆ ಬಂದು ಎಷ್ಟೋ ಕಾಲವಾಗಿತ್ತು.

"ಕೊಡಿ ಅತ್ತೆ, ಇನ್ನು ಜನ್ಮದಲ್ಲಿ ಸಾಣೆ ಹಿಡಿಸ್ಬಾರ್ದು, ಹಂಗೆ ಮಾಡಿ ತರ್ತೀನಿ."

"ತುಕ್ಕು ಗಿಕ್ಕು ಹಿಡಿಯಲ್ಲ ತಾನೆ?"

"ತುಕ್ಕಾ? ನಮ್ಮ ಕುಲುಮೆ ಹೆಸರು ಕೇಳಿದ್ರೆ ಓಡಿಹೋಗುತ್ತೆ!"

ಸುಳ್ಳೇನಲ್ಲ. ನೈಟ್ರೈಡ್ ಮಾಡಿದ ಸಾದಾ ಉಕ್ಕಿನ ಬೋಲ್ಟುಗಳನ್ನು ಅವನೇ ಉಪ್ಪುನೀರಿನಲ್ಲಿ ಮುಳುಗಿಸಿ ನೋಡಿದ್ದ. ಜಪ್ಪಯ್ಯ ಅಂದರೂ ತುಕ್ಕು ಹಿಡಿದಿರಲಿಲ್ಲ. ಸಾದಾ ಉಕ್ಕೇ ಹೀಗಾದರೆ ಸ್ಟೇನ್‌ಲೆಸ್ ಇನ್ನು ಹೇಗಾದೀತು! ಹಿಡಿ ಬಿಚ್ಚಿ, ಸಾಣೆ ಹಿಡಿದು, ಮೈಮೇಲಿನ ಪೊರೆ ತೆಗೆಯಲು ಆಸಿಡ್‌ನಲ್ಲಿ ಅದ್ದಿ, ಕುಲುಮೆಗೆ ಹೊರಟಿದ್ದ ಗೇರುಗಳ ನಡುವೆ ಚಾಕುವನ್ನೂ ತೂರಿಸಿಬಿಟ್ಟ.

ಚಾಕು ಬೂದು ಬಣ್ಣಕ್ಕೆ ತಿರುಗಿ ಬಂತು. ಅರ ಹಾಕಿ ಉಜ್ಜಿದರೆ ಅರವೇ ಜಾರಿತು. ಅತ್ತೆ ಟೊಮೆಟೊ ಹೆಚ್ಚಿ ನೋಡಿ, "ಪರವಾಗಿಲ್ವೇ!" ಅಂದರು. ಅಳಿಯ ಆ ದಿನ ನೆಲದ ಮೇಲೆ ನಡೆಯಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಕೂಗಿದಳು: "ರೀ, ಸ್ವಲ್ಪ ಬನ್ನಿ ಇಲ್ಲಿ."

ತೊಳೆದು ಒದ್ದೆಯಾಗಿಯೇ ಇಟ್ಟಿದ್ದ ಚಾಕುವಿನ ಮೈತುಂಬ ಕೆಂಪು ತುಕ್ಕು. ಅವನು ತಿಂಡಿಯನ್ನೂ ಬಿಟ್ಟು ಕಾರ್ಖಾನೆಗೆ ಓಡಿದ.

ಕಾರ್ಖಾನೆಯ ಲ್ಯಾಬಿನ ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಸ್ಟೇನ್‌ಲೆಸ್ಸನ್ನ ತುಕ್ಕಿನಿಂದ ಕಾಯೋದೇ ಅದರೊಳಗಿನ ಕ್ರೋಮಿಯಂ ಕಣೋ. ನಿನ್ನ ನೈಟ್ರೋಜನ್ ಹೋಗಿ ಅದನ್ನೇ ಕಟ್ಟಿಹಾಕಿದೆ. ಕಾವಲುಗಾರನ ಕೈಕಾಲು ಕಟ್ಟಿ ಬಾಗಿಲು ತೆಗೆದಿಟ್ಟ ಹಂಗಾಯ್ತು!"

ಸಂಜೆ ಹೊಸ ಚಾಕು ಕೊಂಡು, ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ಅತ್ತೆ ತುಕ್ಕು ಉಜ್ಜಿ ತೆಗೆದು, ಅದೇ ಹಳೇ ಚಾಕುವಿನಲ್ಲಿ ಸರಸರನೆ ಈರುಳ್ಳಿ ಹೆಚ್ಚುತ್ತಿದ್ದರು.

"ಹೊಸದು ಯಾರಿಗೆ ಬೇಕು? ಇಷ್ಟು ಚೆನ್ನಾಗಿ ಯಾವ ಚಾಕೂ ಹೆಚ್ಚಿಲ್ಲ. ಒದ್ದೆ ಬಿಡೋ ಹಂಗಿಲ್ಲ, ಅಷ್ಟೆ." ಬಟ್ಟೆಯನ್ನೂ ಎಣ್ಣೆ ಬಟ್ಟಲನ್ನೂ ಅವನತ್ತ ತಳ್ಳಿದರು. "ನಾನು ಹೆಚ್ಚಿದಾಗಲೆಲ್ಲ ಒರೆಸಿ ಎಣ್ಣೆ ಹಚ್ಚೋದು ಇನ್ಮೇಲೆ ನಿಮ್ಮ ಕೆಲಸ, ಅಳಿಯಂದ್ರೇ. ಬೇರೆ ಯಾರ ಕೈಗೂ ಕೊಡಲ್ಲ."

ಬಾಗಿಲಲ್ಲಿ ನಿಂತ ಹೆಂಡತಿ ಕಿಸಕ್ಕನೆ ನಕ್ಕಳು. ನಗಲಿ ಬಿಡು ಎಂದುಕೊಂಡು ಅವನು ಚಾಕು ಒರೆಸತೊಡಗಿದ. ಅತ್ತೆ ಕೊನೆಗೂ ಒಂದು ಕೆಲಸ ಕೊಟ್ಟಿದ್ದರು.