ಮುಂದಿನ ವರ್ಷದ ಮಾತು

ಮುಗದ ಹಳ್ಳಿಯಲ್ಲಿ ಚರ್ಚಿನವರು ನಡೆಸಿದ ಆರೋಗ್ಯ ಶಿಬಿರಕ್ಕೆ ಅಂದು ಕೊನೆಯ ದಿನ. ಹೊರದೇಶದಿಂದ ಎರಡು ವಾರಕ್ಕೆಂದು ಬಂದ ಸೇವಾತಂಡ ಅಂಗಳದಲ್ಲಿ ಫೋಟೋಗೆ ಸಾಲುಗಟ್ಟುತ್ತಿತ್ತು. ಒಳಗೆ ಡಾಕ್ಟರ್ ಪೀಟರ್ ಮತ್ತು ಹುಟ್ಟಿನಿಂದಲೇ ಅಂಗುಳ ಸೀಳಿದ್ದ ಕೂಸನ್ನು ಮಡಿಲಲ್ಲಿಟ್ಟುಕೊಂಡ ರೇಣವ್ವ ಎದುರುಬದುರು ಕುಳಿತಿದ್ದರು. ಇಬ್ಬರ ನಡುವೆ ದುಭಾಷಿಯಾಗಿ ಎಸ್ತೇರ ನಿಂತಿದ್ದಳು.

“ಮುಂದಿನ ವರ್ಷ ಶಸ್ತ್ರವೈದ್ಯರನ್ನೇ ಕರೆತಂದು ಸರಿಪಡಿಸುತ್ತೇವೆ,” ಎಂದು ಪೀಟರ್ ಇಂಗ್ಲಿಷಿನಲ್ಲಿ ನಗುತ್ತ ಹೇಳಿದ.

ಎಸ್ತೇರ ಅದನ್ನು ಕನ್ನಡಕ್ಕೆ ತಿರುಗಿಸಲು ಹೋಗಲಿಲ್ಲ. ಹೋದ ವರ್ಷದ ತಂಡವೂ ಇದೇ ಮಾತು ಕೊಟ್ಟಿತ್ತು; ಕನ್ನಡದಲ್ಲಿ ತಿಳಿಸಿದವಳು ಅವಳೇ. ಅದನ್ನು ನಂಬಿ ರೇಣವ್ವ ಕಾದಿದ್ದಳು. ಕೂಸು ಈಗ ಮಾತು ಕಲಿಯುವ ವಯಸ್ಸಿಗೆ ಬಂದಿತ್ತು.

ಡಾಕ್ಟರರ ನಗು ನೋಡಿಯೇ ರೇಣವ್ವನ ಮುಖ ಅರಳಿತು. “ಬರ್ತಾರಂತೇನ್ರಿ ಬಾಯಾರ? ಹಂಗಾದ್ರ ಕಾಯ್ತೇನಿ ಬಿಡ್ರಿ. ಸತ್ತೂರ ದೊಡ್ಡ ದವಾಖಾನ್ಯಾಗ ಆಪರೇಶನ್ ಮಾಡಸೂಣು ಅಂದ್ರ ನಮ್ಮತ್ತಿ ಹೌಹಾರ್ತಾಳ.”

“ಲಗೂ ಹೇಳಿ ಕಳಸವಾ, ಫೋಟೋಕ್ಕ ಕಾಯಾಕತ್ತಾರ,” ಎಂದು ಪಾದ್ರಿಗಳು ಬಾಗಿಲಿನಿಂದ ಗದರಿದರು.

ಎಸ್ತೇರ ಕದಲಲಿಲ್ಲ. “ಯಾವ ತಿಂಗಳು ಬರುತ್ತೀರಿ, ಡಾಕ್ಟರ್?” ಎಂದು ಇಂಗ್ಲಿಷಿನಲ್ಲೇ ಕೇಳಿದಳು. “ಇಂಥದೇ ಮಾತಿಗೆ ಈ ಕೂಸು ಒಂದು ವರ್ಷ ಕಳೆದುಕೊಂಡಿದೆ.”

ಪೀಟರನ ಮುಖ ಕೆಂಪೇರಿತು. ಕೂಸಿನತ್ತ ನೋಡಿ, “ಬರುತ್ತೇನೋ ಇಲ್ಲವೋ, ನನಗೇ ಗೊತ್ತಿಲ್ಲ,” ಎಂದ.

“ಬರ್ತಾರೋ ಇಲ್ಲೋ ಅವರಿಗೇ ಗೊತ್ತಿಲ್ಲಂತ, ರೇಣವ್ವ. ಕಾಯಬ್ಯಾಡ.”

“ಮತ್ತ ಅಷ್ಟು ನಕ್ಕೋತ ಯಾಕ ಹೇಳಿದ್ರು?” ರೇಣವ್ವ ಸೆರಗು ಬಿಗಿದು ಎದ್ದಳು. “ಸತ್ತೂರಿಗೆ ಈಗ ಬಸ್ಸು ಐತೇನ್ರಿ?”

ಆ ಪ್ರಶ್ನೆಯನ್ನೂ ಎಸ್ತೇರ ಪೀಟರನಿಗೆ ತಿಳಿಸಿದಳು. ಅಂಗಳದಿಂದ ತಂಡದವರು ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದರು. ಪೀಟರ್ ಫೋಟೋದ ಸಾಲನ್ನು ದಾಟಿ ಹೋಗಿ, ತಂಡದ ಜೀಪಿನ ಬಾಗಿಲು ತೆರೆದು, ಕೂಸಿಗಾಗಿ ಕೈಚಾಚಿ ನಿಂತ.