ಹತ್ತು ನಿಮಿಷ ಒಳಗಿದ್ದ ಬಿರಡೆ

ನಾನೊಂದು ಬಿರಡೆ. ಸೀಸೆಯದ್ದಲ್ಲ, ಎದೆಯದ್ದು. ಗಾತ್ರ ಕೇಳಿದರೆ ನಗುತ್ತೀರಿ, ಹುಣಸೆ ಬೀಜದಷ್ಟು. ಕೂದಲಿಗಿಂತ ತೆಳುವಾದ ತಂತಿಗಳನ್ನು ಒಂದರ ಮೇಲೊಂದು ಹಾಯಿಸಿ ನನ್ನನ್ನು ನೇಯ್ದರು, ಅಚ್ಚಿನಲ್ಲಿಟ್ಟು ಕಾಯಿಸಿದರು. ಆಗಲೇ ನನಗೊಂದು ಹಟ ಅಂಟಿಕೊಂಡಿತು. ಎಳೆದು ದಾರದಂತೆ ಮಾಡಿದರೂ, ಬಿಟ್ಟೊಡನೆ ಹಳೆಯ ಆಕಾರಕ್ಕೇ ಮರಳುತ್ತೇನೆ. ಮರೆಯುವುದು ನನಗೆ ಬಾರದು.

ನನ್ನ ಕೆಲಸ ಏನಂತೀರಾ? ತಾಯಿಯ ಹೊಟ್ಟೆಯಲ್ಲಿರುವಾಗ ಪ್ರತಿ ಕೂಸಿಗೂ ಹೃದಯದ ಹತ್ತಿರ, ಎರಡು ದೊಡ್ಡ ರಕ್ತನಾಳಗಳ ನಡುವೆ, ಪುಟ್ಟ ಕಾಲುವೆಯೊಂದಿರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ತಾನಾಗಿ ಮುಚ್ಚಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಆಗ ತೊಡೆಯ ನಾಳದಿಂದ ತೆಳು ಕೊಳವೆಯೊಳಗೆ ನಮ್ಮನ್ನು ಕಳಿಸುತ್ತಾರೆ. ಹೋಗಿ ಅಡ್ಡ ಕೂತರಾಯಿತು, ಮಾಂಸ ಬೆಳೆದು ನಾವು ಕಾಣದಂತಾಗುತ್ತೇವೆ. ಹಿಂದಿರುಗಿ ಬಾರದಿರುವುದೇ ನಮ್ಮ ಕುಲದ ಪುಣ್ಯ. ಹುಬ್ಬಳ್ಳಿಯ ಆಸ್ಪತ್ರೆಯ ಕಪಾಟಿನಲ್ಲಿ ನನ್ನ ಪಕ್ಕದವರೆಲ್ಲ ಒಬ್ಬೊಬ್ಬರೇ ಹಾಗೆ ಹೋದರು.

ನನ್ನ ಪಾಲಿಗೆ ಬಂದವಳು ಬನಿ. ಪೂರ್ತಿ ಹೆಸರು ಬನಶಂಕರಿ, ಏಳು ವರ್ಷ. ಅಪ್ಪ ಪರಪ್ಪ, ಇಳಕಲ್ಲಿನ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುವವನು. ಡಾಕ್ಟರ್ ವಸುಮತಿ ಮೈಸೂರು ಕಡೆಯವರು. ನನ್ನ ಪೊಟ್ಟಣವನ್ನು ಮೇಜಿನ ಮೇಲಿಟ್ಟುಕೊಂಡೇ ಕೇಳಿದರು.

"ಕೈಬೆರಳು ಕೆಂಪಗಿವೆ, ಕಾಲ್ಬೆರಳು ನೀಲಿ. ಎಷ್ಟು ದಿನದಿಂದ ಹೀಗಿದೆ?"

ಉತ್ತರ ಕೊಟ್ಟವಳು ಆಯಿ, ಪರಪ್ಪನ ತಾಯಿ. "ಎರಡು ವರ್ಷ ಆಗಿರಬೇಕ್ರೀ ಬಾಯಾರ. ನಮ್ಮದು ಬಣ್ಣದ ಮನಿ. ನೀಲಿ ನೀರು ಅಂಗಳದಾಗ ಹರೀತೈತಿ, ಎಲ್ಲಾರ ಕಾಲೂ ಹಂಗ. ಬಣ್ಣಗಾರರ ಕೂಸಿನ ಕಾಲು ಬೆಳ್ಳಗಿದ್ರ ಮಂದಿ ನಗ್ತಾರ ಅಂತಿದ್ದೆ ನಾನು. ನಿಂಬಿಹೋಳು ಹಚ್ಚಿ ತಿಕ್ಕಿದೆ, ಕಲ್ಲು ತಗೊಂಡು ತಿಕ್ಕಿದೆ. ಇಕಿ ಚಿಟ್ಟನೆ ಚೀರಾಕಿ."

"ಓಡಿದ್ರೆ ಏದುಸಿರು ಬರ್ತಿರಲಿಲ್ವಾ?"

"ಬರ್ತಿತ್ರೀ. ಮೈಗಳ್ಳಿ ಅಂತ ಬೈತಿದ್ವಿ."

"ಮತ್ತೆ ಈಗ ಹೇಗೆ ಗೊತ್ತಾಯ್ತು?"

ಪರಪ್ಪ ನೆಲ ನೋಡುತ್ತ ಹೇಳಿದ. "ನಮ್ಮಪ್ಪ ತೀರಿಕೊಂಡ್ರಿ. ಸೂತಕದಾಗ ಬಣ್ಣದ ಹಂಡೆ ಮುಟ್ಟಂಗಿಲ್ಲ ನಾವು. ಹದಿಮೂರು ದಿನದಾಗ ಎಲ್ಲಾರ ಕಾಲೂ ಬೆಳ್ಳಗಾದೂ. ಇಕಿವು ಆಗಲಿಲ್ಲ."

ಡಾಕ್ಟರು ಬನಿಯ ಕಾಲ್ಬೆರಳನ್ನು ಒತ್ತಿ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಏಳು ವರ್ಷ ತೆರೆದಿದ್ದ ಕಾಲುವೆಯಿಂದ ರಕ್ತ ನುಗ್ಗಿ ನುಗ್ಗಿ ಶ್ವಾಸಕೋಶದ ನಾಳಗಳು ಗಡುಸಾಗಿವೆ. ಈಗ ಕೆಟ್ಟ ರಕ್ತವೇ ತಿರುಗಿ ಕಾಲಿನ ಕಡೆ ಹರಿಯುತ್ತಿದೆ.

"ಮುಚ್ಚಿ ನೋಡೋಣ. ಶ್ವಾಸಕೋಶದ ಒತ್ತಡ ಇಳಿದ್ರೆ ಇದನ್ನ ಅಲ್ಲೇ ಬಿಡ್ತೀವಿ. ಇಳೀದಿದ್ರೆ ವಾಪಸ್ ತೆಗೀಲೇಬೇಕು."

ಮರುದಿನ ಬೆಳಗ್ಗೆ ನನ್ನ ಸರದಿ. ಕೊಳವೆಯಲ್ಲಿ ದಾರವಾಗಿ ಸಾಗಿ, ಕಾಲುವೆಯಲ್ಲಿ ಅರಳಿ ಕೂತೆ. ಅಳತೆ ಹೇಳಿ ಮಾಡಿಸಿದಂತಿತ್ತು. ಬೆನ್ನಿಗೆ ತಿರುಪಿನಿಂದ ಬಿಗಿದ ತಂತಿ ಮಾತ್ರ ಇನ್ನೂ ಇತ್ತು. ಅದನ್ನು ಬಿಚ್ಚಿದರೆ ನಾನು ಬನಿಯ ಸೊತ್ತು.

"ಹತ್ತು ನಿಮಿಷ ಕಾಯೋಣ" ಅಂದರು ಡಾಕ್ಟರು.

ನಾನು ಬಿಗಿಯಾಗಿ ಹಿಡಿದು ಕೂತೆ. ಬನಿಯ ಬಿಸಿ ರಕ್ತ ಬಂದು ಬಂದು ನನ್ನ ಬೆನ್ನು ಬಡಿಯುತ್ತಿತ್ತು. ಶ್ವಾಸಕೋಶದ ಒತ್ತಡ ಇಳಿಯಲಿಲ್ಲ, ಏರಿತು. ಮೈಯ ರಕ್ತದೊತ್ತಡ ಕುಸಿಯತೊಡಗಿತು.

"ಮೇಡಂ, ಬೀಳಾಕ ಹತ್ತೈತ್ರೀ" ಅಂದಳು ನರ್ಸ್.

"ಇನ್ನೊಂದು ನಿಮಿಷ."

"ಮೇಡಂ!"

ನನ್ನನ್ನು ಎಳೆದುಕೊಂಡರು. ಆ ಗಡಸು ನಾಳಗಳ ಒತ್ತಡಕ್ಕೆ ಉಳಿದಿದ್ದ ದಾರಿ ಆ ಕಾಲುವೆಯೊಂದೇ. ನಾನು ಅಡ್ಡ ಕೂತಷ್ಟು ಹೊತ್ತೂ ಅವಳನ್ನು ಕೊಲ್ಲುತ್ತಿದ್ದೆ.

ಹೊರಗೆ ಡಾಕ್ಟರು ನನ್ನನ್ನು ಅಂಗೈಯಲ್ಲಿಟ್ಟು ತೋರಿಸಿದರು. ಪರಪ್ಪ ಬಗ್ಗಿ ನೋಡಿದ.

"ಇದು ನೇಯ್ದದ್ದಲ್ರೀ?"

"ಹೌದು."

"ಭಾರಿ ನೇಯ್ಗಿ. ಒಂದು ಎಳಿ ತಪ್ಪಿಲ್ಲ." ಆಮೇಲೆ ಅದೇ ದನಿಯಲ್ಲಿ ಕೇಳಿದ. "ಎರಡು ವರ್ಷ ಮೊದಲ ಬಂದಿದ್ರ?"

ಡಾಕ್ಟರಿಗೆ ಸುಳ್ಳು ಬರಲಿಲ್ಲ. "ಬಹುಶಃ ಮುಚ್ಚಬಹುದಿತ್ತು."

ಬೆಂಚಿನ ಮೇಲಿದ್ದ ಆಯಿ ತನ್ನೆರಡು ಬಿಳಿ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

ಎಚ್ಚರವಾದಾಗ ಬನಿ ಕೇಳಿದ್ದು ಒಂದೇ. "ಅಪ್ಪಾ, ಕಾಲು ಬೆಳ್ಳಗಾದವೇನು?" ಪರಪ್ಪ ಹೊದಿಕೆಯನ್ನು ಅವಳ ಕಾಲಿನ ತನಕ ಎಳೆದ. "ಮಲಕ್ಕೋ ಯವ್ವಾ."

ಒಬ್ಬರೊಳಗೆ ಹೋಗಿ ಬಂದ ನನ್ನನ್ನು ಇನ್ನೊಂದು ಮಗುವಿಗೆ ಹಾಕುವಂತಿಲ್ಲ. ತೊಳೆದು ಡಾಕ್ಟರ ಮೇಜಿನ ಮೇಲೆ ಪುಟ್ಟ ಡಬ್ಬಿಯಲ್ಲಿಟ್ಟಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಯಾವ ಮಗು ಬಂದರೂ ಅವರ ಮೊದಲ ಮಾತು ಈಗ "ಚಪ್ಪಲಿ ಬಿಚ್ಚು ಪುಟ್ಟ." ಕೆಲವರು ಸಮಯಕ್ಕೆ ಬಂದಿರುತ್ತಾರೆ. ಅವರಿಗೆ ಕಪಾಟಿನಿಂದ ಬೇರೊಬ್ಬ ಹೋಗುತ್ತಾನೆ.

ಬನಿ ಮೂರು ತಿಂಗಳಿಗೊಮ್ಮೆ ಬರುತ್ತಾಳೆ. ಅವಳಿಗೆ ಉಳಿದಿರುವುದು ಗುಳಿಗೆ ಮಾತ್ರ. ಮೊದಲು ನಡೆದು ಬರುತ್ತಿದ್ದಳು, ಈಗ ಅಪ್ಪನ ಹೆಗಲ ಮೇಲೆ. ಇನ್ನೆಷ್ಟು ವರ್ಷ ಅಂತ ಪರಪ್ಪ ಕೇಳುವುದಿಲ್ಲ, ಡಾಕ್ಟರು ಹೇಳುವುದಿಲ್ಲ.

ಕಳೆದ ಸಲ ಅವಳು ಡಬ್ಬಿ ತೆಗೆದು ನನ್ನನ್ನು ಎರಡು ಬೆರಳ ನಡುವೆ ಒತ್ತಿ ಹಿಡಿದಳು.

"ನೀನ ಅಲ್ಲ, ನನ್ನೊಳಗ ಇದ್ದಾಂವ? ಯಾಕ ಹೊರಗ ಬಂದಿ?"

ಅವಳು ಬೆರಳು ಸಡಿಲಿಸಿದಳು. ಆ ಕೆಂಪು ಅಂಗೈಯಲ್ಲಿ ನಾನು ಮತ್ತೆ ಅರಳಿದೆ, ಅವಳ ಕಾಲುವೆಯ ಅಳತೆಗೆ ಸರಿಯಾಗಿ.