ಹನ್ನೆರಡನೇ ಕಲ್ಲು

“ಇಲ್ಲೇ ನಿಲ್ಸಪ್ಪ,” ಎನ್ನುತ್ತ ಜಯಪ್ರಕಾಶ್ ಎಂಟನೇ ಕಿಲೋಮೀಟರ್ ಕಲ್ಲಿನ ಬಳಿ ಪಿಕಪ್ಪಿನ ತಗಡು ಬಡಿದ. ಹಿಂದೆ ಚಾಪೆಯ ಮೇಲೆ ಮಾವ ಮಲ್ಲಪ್ಪನ ಹೆಣ. ಪಕ್ಕದಲ್ಲಿ ಹೆಂಡತಿ ಯಮುನಾ.

ಯಮುನಾಳ ಮನೆ ಮಡಿಕೇರಿಯಿಂದ ನಾಲ್ಕನೇ ಕಲ್ಲಿನ ಹತ್ತಿರ. ತಂಗಿ ಚಿನ್ನಿಯದು ಸಂಪಾಜೆ ಕಡೆ ಇಪ್ಪತ್ತನೇ ಕಲ್ಲಿನ ಹತ್ತಿರ. ಅವ್ವ ಸತ್ತಾಗ ಅಕ್ಕ ಹೇಳಿಕಳಿಸುವ ಹೊತ್ತಿಗೆ ಮಣ್ಣು ಮುಗಿದಿತ್ತು. ಅಂದಿನಿಂದ ಚಿನ್ನಿ ಅಕ್ಕನ ಹೊಸಿಲು ತುಳಿದಿಲ್ಲ. ಬೆಳಿಗ್ಗೆ ಭಾವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಭಾವ, ಎರಡು ಗಂಟೆಗೆ ಅಪ್ಪನ್ನ ಸರಿಯಾಗಿ ಅರ್ಧ ದಾರಿಗೆ ಕರ್ಕಂಬನ್ನಿ. ಮುಖ ನೋಡಕ್ಕೆ ಅಲ್ಲೀಗಂಟ ಬತ್ತೀನಿ. ಅದರಿಂದಾಚೆ ಒಂದ್ ಹೆಜ್ಜೆನೂ ಇಡಲ್ಲ.” ಅಕ್ಕನೇನು ಕಡಿಮೆಯೇ, “ನಾನೂ ಇಡಲ್ಲ” ಎಂದಿದ್ದಳು.

ಮೂರಾಯಿತು, ನಾಲ್ಕಾಯಿತು. ಚಿನ್ನಿಯ ಸುಳಿವಿಲ್ಲ. ಘಾಟಿಯಲ್ಲಿ ಸಿಗ್ನಲ್ಲೂ ಇಲ್ಲ.

“ಗುಂಡಿ ತೋಡಾಯ್ತಲ್ಲವ್ವ. ಹೊತ್ತು ಮುಳುಗೋದ್ರೊಳ್ಗೆ ಮಣ್ಣಾಗ್ಬೇಕು,” ಎಂದಳು ಜೊತೆಗೆ ಬಂದಿದ್ದ ನೆರೆಮನೆಯ ರುದ್ರಮ್ಮ. “ಬರೋಳಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ಲು. ಗಾಡಿ ತಿರುಗ್ಸಿ.”

ಯಮುನಾ ಗಂಡನತ್ತ ತಿರುಗಿದಳು. ಎರಡನೇ ಸಲವೂ ಹೆತ್ತವರ ಮುಖ ತಪ್ಪಿಸಿದರೆ ತಂಗಿ ಈ ಜನ್ಮದಲ್ಲಿ ತನ್ನನ್ನು ಅಕ್ಕ ಎನ್ನುವುದುಂಟೆ? “ರೀ, ಎಂಟು ಅಂತ ಹೆಂಗೆ ಲೆಕ್ಕ ಹಾಕಿದ್ರಿ?”

ಜಯಪ್ರಕಾಶನಿಗೆ ಲೆಕ್ಕದಲ್ಲಿ ಭಾರಿ ಧೈರ್ಯ. “ಇಪ್ಪತ್ತರಲ್ಲಿ ನಾಲ್ಕು ಕಳೆದ್ರೆ ಹದಿನಾರು. ಅದರರ್ಧ ಎಂಟು. ಇದ್ರಲ್ಲೇನು?”

*

ಮಲ್ಲಪ್ಪ ರಸ್ತೆ ಗ್ಯಾಂಗಿನವನು. ಮೂವತ್ತು ವರ್ಷ ಇದೇ ಕಲ್ಲುಗಳಿಗೆ ಸುಣ್ಣ ಬಳಿದು ಅಂಕಿ ಬರೆದವನು. ಒಮ್ಮೆ ಬುತ್ತಿ ತಂದ ಮಕ್ಕಳಿಬ್ಬರನ್ನೂ ಕೇಳಿದ್ದ: “ಹದಿನಾಲ್ಕನೇ ಕಲ್ಲಿಗೂ ಹದಿನೆಂಟಕ್ಕೂ ನಡುವಿನ ಕಲ್ಲು ಯಾವ್ದು?”

“ಎರಡು,” ಎಂದಿದ್ದಳು ಯಮುನಾ. ಅಪ್ಪ ನಕ್ಕಿದ್ದ.

“ಎರಡು ನೀನು ನಡೆಯೋ ದೂರ ಕಣವ್ವ, ನಿಲ್ಲೋ ಜಾಗ ಅಲ್ಲ. ಎಲ್ಲಿಂದ ಹೊರಟೆ ಅನ್ನೋದನ್ನ ಸೇರಿಸ್ಬೇಡ್ವಾ? ಹದಿನಾರು.”

*

“ನಾವು ಬಂದಿರೋದು ನಾಲ್ಕೇ ಕಿಲೋಮೀಟ್ರು,” ಎಂದಳು ಯಮುನಾ. “ಅವಳು ಹನ್ನೆರಡು ಬರ್ಲಿ ಅಂತ ಕೂತಿದೀವಿ. ನಾಲ್ಕಕ್ಕೆ ಎಂಟು ಸೇರಿಸಿದ್ರೆ ಹನ್ನೆರಡನೇ ಕಲ್ಲು. ಅವಳು ಅಲ್ಲಿ ಕಾಯ್ತಿದಾಳೆ.”

“ಅಲ್ಲೀವರೆಗೆ ಹೋಗಿ ವಾಪಸ್ ಬರೋದ್ರಲ್ಲಿ...” ರುದ್ರಮ್ಮ ರಾಗ ಎಳೆದಳು.

“ಕತ್ತಲಾದ್ರೆ ದೀಪ ಹಿಡ್ಕೊಂಡು ಮಣ್ಣು ಮಾಡ್ತೀನಿ. ನಡೀರಿ.”

ಪಿಕಪ್ ತಿರುವಿನ ಮೇಲೆ ತಿರುವು ಇಳಿಯಿತು. ಒಂಬತ್ತು ದಾಟಿತು. ಎರಡು ತಾಸು ಕಾದು ಚಿನ್ನಿ ಹೊರಟುಹೋಗಿದ್ದರೆ? ಅಕ್ಕ ಮತ್ತೆ ಮೋಸ ಮಾಡಿದಳು ಎಂದುಕೊಂಡಿದ್ದರೆ? ಯಮುನಾ ಅಪ್ಪನ ತಣ್ಣನೆಯ ಕಾಲನ್ನು ಹಿಡಿದುಕೊಂಡಳು.

ಹತ್ತನೇ ಕಲ್ಲಿನ ಬಳಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ತಾನು ಹಟ ಹಿಡಿದ ಕಲ್ಲಿನಿಂದ ಎರಡು ಕಿಲೋಮೀಟರು ಈಚೆಗೆ, ಚಿನ್ನಿ ಒಬ್ಬಳೇ ಏರು ಹತ್ತಿ ಬರುತ್ತಿದ್ದಳು.